ನಮ್ಮಪ್ಪ ಬಿದ್ದ ಕುರ್ಚಿ

ಇವರು ಹೋಗುವ ಹಿಂದಿನ ದಿನ ಬೆಳಗ್ಗೆ ಕಂಪ್ಯೂಟರಿನ ಮುಂದೆ ಕುಳಿತು ಅದಕ್ಕೆ ಸುಳ್ಳು ಹೇಳುತ್ತಿದ್ದರು. ಇವರು ಎಂದರೆ ನನ್ನ ಗಂಡ. ಈಗ ‘ಅವರು’ ಎನ್ನಬೇಕೆಂದು ಒಬ್ಬಿಬ್ಬರು ತಿದ್ದಿ ನೋಡಿದರು. ನನಗೆ ನಾಲಿಗೆ ತಿರುಗುವುದಿಲ್ಲ.

ಅಡುಗೆಮನೆಯಿಂದ ಇಣುಕಿದರೆ ಇವರು ಪರದೆಯ ಹತ್ತಿರಕ್ಕೆ ಬಾಗಿ, ಮನೆಗೆ ಬಂದ ಹೊಸ ನೆಂಟನನ್ನು ಮಾತಾಡಿಸುವ ಹಾಗೆ, ‘ಇದು ನಿಮ್ಮನೇನೇ ಕಣಪ್ಪ, ಸಂಕೋಚ ಮಾಡ್ಕೋಬೇಡ’ ಎನ್ನುತ್ತಿದ್ದರು. ಸುಳ್ಳನ್ನು ಬಾಯಲ್ಲಿ ಹೇಳಬೇಕಾಗಿರಲಿಲ್ಲ. ಅದಕ್ಕೆ ಬೇರೆ ಸಾಫ್ಟ್‌ವೇರ್ ಇತ್ತು. ಬಾಯಲ್ಲೂ ಒಂದು ಮಾತು ಹೇಳಿದರೆ ಗಂಟೇನು ಹೋಗುತ್ತದೆ ಎಂಬುದು ಇವರ ವಾದ.

ಇದೆಲ್ಲ ಯಾಕೆಂದು ತಿಳಿಯಬೇಕಾದರೆ ನಮ್ಮಪ್ಪ ಬಿದ್ದದ್ದನ್ನು ಹೇಳಬೇಕು.

ಇವರ ಕೆಲಸ ಕುರ್ಚಿ. ಹೊಸದು ಮಾಡುತ್ತಿದ್ದರು, ಹಳೆಯದಕ್ಕೆ ಕಾಲು ಜೋಡಿಸುತ್ತಿದ್ದರು. ಮನೆಯ ಮುಂದಿನ ಕೋಣೆಯೇ ಕಾರ್ಖಾನೆ. ಮರದ ಪುಡಿ ಹಾಸಿಗೆಯಲ್ಲೂ ಇರುತ್ತಿತ್ತು, ಊಟದಲ್ಲೂ ಇರುತ್ತಿತ್ತು. ನಮಗೆ ಮಕ್ಕಳಿಲ್ಲ. ಕುರ್ಚಿಗಳಿದ್ದವು, ಅವೂ ದಾರಿಗೆ ಅಡ್ಡ ನಿಲ್ಲುತ್ತಿದ್ದವು. ಇವರ ಬಲಗೈ ತೋರುಬೆರಳಿಗೆ ತುದಿ ಇರಲಿಲ್ಲ. ಕೆಲಸ ಕಲಿಯುವ ವಯಸ್ಸಿನಲ್ಲೇ ಗರಗಸ ತಿಂದಿತ್ತು. ‘ಭಾವನ್ನ ದಾರಿ ಕೇಳಿದ್ರೆ ಅರ್ಧ ದಾರೀನೇ ತೋರಿಸ್ತಾರೆ’ ಎಂದು ನನ್ನಣ್ಣ ಚುಡಾಯಿಸುತ್ತಿದ್ದ.

ನಮ್ಮ ಮದುವೆಗೆ ಇವರು ಮಾವನಿಗೆಂದು ಒಂದು ಕುರ್ಚಿ ಮಾಡಿ ತಂದಿದ್ದರು. ಎರಡು ಕೈ, ಎತ್ತರದ ಬೆನ್ನು. ಎಲ್ಲರೂ ಸಾಲಾಗಿ ನಿಂತು ಫೋಟೋ ತೆಗೆಸಿಕೊಳ್ಳುವಾಗ ಅಪ್ಪ ನಡುವೆ ಅದರಲ್ಲಿ ರಾಜನ ಹಾಗೆ ಕುಳಿತರು. ಸ್ವಲ್ಪ ಹೊತ್ತಿಗೆ ಕಾಲು ಮೇಲೆ ಮಾಡಿ ಹಿಂದಕ್ಕೆ ಬಿದ್ದರು. ಕುರ್ಚಿಯ ಹಿಂಗಾಲು ಕಳಚಿಕೊಂಡಿತ್ತು. ಅಪ್ಪನಿಗೆ ಪೆಟ್ಟಾಗಲಿಲ್ಲ. ಎದ್ದವರು ಮೊದಲು ಕೇಳಿದ್ದು ಫೋಟೋ ಬಂತಾ ಎಂದು.

ಪೆಟ್ಟಾದದ್ದು ಇವರಿಗೆ. ಕುರ್ಚಿ ಮಾಡುವ ಅಳಿಯ, ಅವನು ಮಾಡಿದ ಕುರ್ಚಿ, ಬಿದ್ದವನು ಸ್ವಂತ ಮಾವ. ನೆಂಟರಿಗೆ ಇನ್ನೇನು ಬೇಕು?

ಇವರು ಹೇಳುತ್ತಿದ್ದದ್ದು ಒಂದೇ ಕತೆ. ಅಂಟು ಪೂರ್ತಿ ಒಣಗಿರಲಿಲ್ಲ, ಅದು ಇವರಿಗೆ ಗೊತ್ತಿತ್ತು. ಅಪ್ಪ ಕುಳಿತೇಬಿಟ್ಟರು, ಎಬ್ಬಿಸಲು ನಾಚಿಕೆ. ಅದಕ್ಕೆ ಹಿಂದೆ ನಿಂತು ಬೆನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಅಷ್ಟರಲ್ಲಿ ಯಾರೋ ‘ಹುಡುಗ ಎಲ್ಲಿ, ಹುಡುಗಿ ಪಕ್ಕ ಬಂದು ನಿಲ್ಲಲಿ’ ಎಂದು ಕೂಗಿದರು. ಇವರು ಕೈಬಿಟ್ಟು ಬಂದರು.

ಇದನ್ನು ಯಾರೂ ನಂಬಲಿಲ್ಲ. ಯಾಕೆಂದರೆ ನನ್ನಣ್ಣ ಬೇರೆ ಹೇಳಿದ.

ಅಣ್ಣನನ್ನು ಎಲ್ಲರೂ ಕಣ್ಣಾರೆ ಎಂದೇ ಕರೆಯುತ್ತಾರೆ. ಯಾವ ಮಾತೆತ್ತಿದರೂ ‘ಕಣ್ಣಾರೆ ಕಂಡಿದ್ದೀನಿ’ ಎನ್ನುತ್ತಾನೆ. ನಾನು ಹುಟ್ಟಿದ್ದನ್ನೂ ಕಂಡಿದ್ದಾನಂತೆ. ಆಗ ಅವನೇ ತೊಟ್ಟಿಲಲ್ಲಿದ್ದ. ಭಾವ ಕುರ್ಚಿಯ ಹತ್ತಿರ ಇರಲೇ ಇಲ್ಲ, ಊಟದ ಕಡೆ ಹೋಗಿದ್ದ, ಕುರ್ಚಿ ತನ್ನಷ್ಟಕ್ಕೆ ತಾನೇ ಮುರಿಯಿತು, ಕಣ್ಣಾರೆ ಕಂಡಿದ್ದೀನಿ ಎಂದು ಅವತ್ತು ಹೇಳಿದವನು ಆಮೇಲೆ ಒಂದಕ್ಷರ ಬದಲಿಸಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುತ್ತಾರಲ್ಲ, ಅಣ್ಣನ ಪ್ರಕಾರ ಇವರು ಮಾಡಿದ ಕುರ್ಚಿಗೂ ಮೂರೇ ಕಾಲು.

ಇಬ್ಬರೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುತ್ತಿದ್ದರು. ‘ಭಾವ, ಸುಳ್ಳು ಹೇಳ್ಬೇಡ.’ ‘ಭಾವ, ನೀನು ಹೇಳ್ಬೇಡ.’ ಹೊರಗೆ ನಿಂತು ಕೇಳಿದವರಿಗೆ ಒಬ್ಬನೇ ಮನುಷ್ಯ ತನ್ನನ್ನೇ ಬೈದುಕೊಳ್ಳುತ್ತಿದ್ದಾನೆ ಎನ್ನಿಸುತ್ತಿತ್ತು.

ನಮ್ಮ ಕಡೆಯ ನೆಂಟರು ಮನೆಗೆ ಬಂದರೆ ಕುರ್ಚಿಯನ್ನು ಅಲ್ಲಾಡಿಸಿ ನೋಡಿ ಕೂರುತ್ತಿದ್ದರು. ಅಣ್ಣ ಕೂರುತ್ತಲೇ ಇರಲಿಲ್ಲ. ನೆಲದ ಮೇಲೆ ಕಾಲು ಚಾಚುತ್ತಿದ್ದ. ‘ನೆಲ ಭಾವ ಮಾಡಿದ್ದಲ್ಲ. ಭಯ ಇಲ್ಲ’ ಎನ್ನುತ್ತಿದ್ದ. ಇವರು ಎಷ್ಟೋ ಮನೆಗಳಿಗೆ ಕುರ್ಚಿ ಮಾಡಿಕೊಟ್ಟರು. ಯಾರೂ ಬಿದ್ದ ಸುದ್ದಿ ಬರಲಿಲ್ಲ. ಆದರೆ ಬೀಳದಿದ್ದವರ ಸುದ್ದಿ ಯಾರು ಹೇಳುತ್ತಾರೆ?

ಮದುವೆಯ ವಿಡಿಯೋ ತೆಗೆದಿದ್ದರು. ಕ್ಯಾಸೆಟ್ಟಿಗೆ ಬೂಸಲು ಹಿಡಿಯಿತು. ಅದಕ್ಕೆ ಮೊದಲೇ ವಿಡಿಯೋದವನು ಅದನ್ನು ಒಂದು ಡಿಸ್ಕಿಗೆ ಹಾಕಿಕೊಟ್ಟಿದ್ದ. ಬುದ್ಧಿವಂತ. ತಾನೇ ಮಾಡಿಸಿ ಡಿಸ್ಕಿನಲ್ಲೇ ಇಟ್ಟ ಪ್ಲೇಯರ್ ಎಂಬ ಸಾಫ್ಟ್‌ವೇರ್ ಇಲ್ಲದೆ ಅದು ತೆರೆಯದ ಹಾಗೆ ಬೀಗ ಹಾಕಿದ್ದ, ಬೇರೆಯವರು ನಕಲು ಮಾಡಬಾರದು ಎಂದು. ಆಮೇಲೆ ಅಂಗಡಿ ಮುಚ್ಚಿ ಎಲ್ಲಿಗೋ ಹೋದ. ಡಿಸ್ಕು ನಮ್ಮ ಬೀರುವಿನಲ್ಲಿ ಬಟ್ಟೆಗಳ ಕೆಳಗೆ ಇತ್ತು. ಇತ್ತು ಅಷ್ಟೆ.

ಒಂದು ಆಫೀಸಿನವರು ಸಾಮಾನು ಖಾಲಿ ಮಾಡುವಾಗ ಇವರು ಅವರ ಕುರ್ಚಿಗಳನ್ನು ತಂದರು. ಜೊತೆಗೆ ಒಂದು ಹಳೇ ಕಂಪ್ಯೂಟರೂ ಬಂತು. ಇವರು ಡಿಸ್ಕನ್ನು ನೆನಪಿಸಿಕೊಂಡದ್ದು ಆಗ. ಅವತ್ತಿನಿಂದ ನಮ್ಮ ಮನೆಯಲ್ಲಿ ನೆಮ್ಮದಿ ಮುಗಿಯಿತು.

ಬೀದಿ ಮೂಲೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಅದನ್ನು ನಡೆಸುವವನು ಏನು ಕೆಟ್ಟರೂ ‘ರೀಸ್ಟಾರ್ಟ್ ಮಾಡಿ ನೋಡಿ’ ಎನ್ನುತ್ತಾನೆ. ಇವರು ಅವನಿಗೆ ರೀಸ್ಟಾರ್ಟ್ ಎಂದೇ ಹೆಸರಿಟ್ಟರು. ಹಲ್ಲುನೋವು ಎಂದರೂ ಮಲಗಿ ಎದ್ದು ನೋಡಿ ಎಂದವನು ಅವನು. ಈ ಮುದುಕ ಯಂತ್ರಕ್ಕೆ ಈಗಿನ ದೊಡ್ಡ ಆಪರೇಟಿಂಗ್ ಸಿಸ್ಟಮ್ ಹೊರಲು ಆಗುವುದಿಲ್ಲ ಎಂದು ಹಗುರದ್ದೊಂದನ್ನು ಪುಕ್ಕಟೆ ಹಾಕಿಕೊಟ್ಟ. ಇವರಿಗೆ ಓದಲು ಅನುಕೂಲವಾಗಲಿ ಎಂದು ಎಲ್ಲವನ್ನೂ ನಮ್ಮ ಭಾಷೆಗೆ ತಿರುಗಿಸಿದ. ಎಡವಟ್ಟಾದದ್ದು ಅಲ್ಲೇ.

ಡಿಸ್ಕು ಹಾಕಿದರೆ ಪರದೆಯ ಮೇಲೆ ಒಂದು ಸಾಲು ಬಂತು. ‘ಈ ವ್ಯವಸ್ಥೆಗೆ ಬೆಂಬಲವಿಲ್ಲ.’

ಕುರ್ಚಿಯವರಿಗೆ ಬೆಂಬಲ ಎಂದರೆ ಒಂದೇ. ಬೆನ್ನಿಗೆ ಬಲ. ಇವರು ಎದ್ದು ಪರದೆಯ ಹಿಂದೆ ಹೋಗಿ ನೋಡಿದರು. ತಳ್ಳಿ ನೋಡಿದರು. ಅಲ್ಲಾಡಿತು. ‘ಸರಿಯಾಗೇ ಹೇಳ್ತಿದೆ’ ಎಂದು ಅಳತೆ ಪಟ್ಟಿ ತಂದರು. ಊಟದ ಹೊತ್ತಿಗೆ ಪರದೆಗೆ ಮರದ ಒಂದು ಬೆನ್ನು ಬಂತು, ಪಾಲಿಶ್ ಸಮೇತ. ಮತ್ತೆ ಡಿಸ್ಕು ಹಾಕಿದರು. ಬೆಂಬಲವಿಲ್ಲ. ಎರಡು ಪಕ್ಕಕ್ಕೂ ಕೈ ಜೋಡಿಸಿದರು. ಬೆಂಬಲವಿಲ್ಲ. ಕೊನೆಗೆ ನನ್ನ ದಿಂಬು ತೆಗೆದುಕೊಂಡು ಹೋಗಿ ಹಿಂದೆ ತುರುಕಿದರು.

‘ಇನ್ನೂ ಸಾಲ್ದಂತೆ ನೋಡು ಇದಕ್ಕೆ. ನಿಮ್ಮಪ್ಪನಿಗಿಂತ ಭಾರ ಇದೆಯಾ ಇದು?’ ಎಂದರು.

ರೀಸ್ಟಾರ್ಟನನ್ನು ಕರೆದುಕೊಂಡು ಬಂದೆವು. ಅವನು ಪರದೆಯನ್ನು ನೋಡಿದ, ದಿಂಬನ್ನು ನೋಡಿದ, ಗೋಡೆ ಹಿಡಿದುಕೊಂಡು ನಕ್ಕ. ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕುಕ್ಕರಿಸಿದ. ಆಮೇಲೆ ಕಣ್ಣೊರೆಸಿಕೊಂಡು ಹೇಳಿದ, ‘ಬೆಂಬಲ ಇಲ್ಲ ಅಂದ್ರೆ, ಮಾಡಿದೋರು ಇದರ ಗೊಡವೆಗೆ ಬರಲ್ಲ ಅಂತ ಯಜಮಾನ್ರೇ. ಕೆಲಸ ಮಾಡಿದ್ರೆ ನಿಮ್ಮ ಪುಣ್ಯ. ಮಾಡದಿದ್ರೆ ಕೇಳೋ ಹಾಗಿಲ್ಲ.’

ಇವರು ದಿಂಬು ಎಳೆದುಕೊಂಡು, ‘ನಾನು ಮಾಡಿದ ಯಾವ ಕುರ್ಚಿಗೂ ಹಾಗಂದಿಲ್ಲ’ ಎಂದರು.

ರೀಸ್ಟಾರ್ಟನ ಅಂಗಡಿಯ ಹೊಸ ಕಂಪ್ಯೂಟರಿನಲ್ಲೂ ಅದು ತೆರೆಯಲಿಲ್ಲ. ಹಳೆಯದಕ್ಕೆ ಪರಕೀಯ, ಹೊಸದಕ್ಕೆ ಅಪರಿಚಿತ. ಆಗ ಅವನು ಸುಳ್ಳಿನ ಉಪಾಯ ಹೇಳಿದ. ಆ ಪ್ಲೇಯರಿಗೆ ತಾನು ಹುಟ್ಟಿದ ಸಿಸ್ಟಮ್ಮಿನಲ್ಲೇ ಇದ್ದೇನೆ ಎನ್ನಿಸಬೇಕಂತೆ. ಹಾಗೆ ನಂಬಿಸುವುದಕ್ಕೆಂದೇ ಒಂದು ಸಾಫ್ಟ್‌ವೇರ್ ಇದೆಯಂತೆ.

ಇವರಿಗೆ ಇದು ತಕ್ಷಣ ಅರ್ಥವಾಯಿತು. ‘ನಿಮ್ಮಪ್ಪ ನನಗೆ ಮಾಡಿದ್ದೂ ಇದೇ’ ಎಂದರು. ‘ಇದು ನಿಮ್ಮ ಮನೆ ಅಂದ್ಕೊಳ್ಳಿ ಅಳಿಯಂದ್ರೇ ಅಂದ್ರು. ನಂಬಿದೆ. ಮಾರನೇ ದಿನ ಮುರಿದ ಬಾಗಿಲು ಕಿಟಕಿ ಎಲ್ಲಾ ತೋರಿಸಿದ್ರು.’

ಸುಳ್ಳು ಹೇಳುವುದು ಸುಲಭವಾಗಿರಲಿಲ್ಲ. ಒಂದು ಕಡೆ ಹೇಳಿದ ಸುಳ್ಳು ಇನ್ನೊಂದು ಕಡೆ ಸಿಕ್ಕಿಬೀಳುತ್ತಿತ್ತು. ಪ್ಲೇಯರಿಗೆ ಒಂದು ಫೈಲು ಬೇಕು ಎನ್ನುವುದು, ಅದನ್ನು ಕೊಟ್ಟರೆ ಅದರ ಅಣ್ಣ ಬೇಕು ಎನ್ನುವುದು, ಅಣ್ಣನನ್ನು ಕೊಟ್ಟರೆ ತಮ್ಮ ಜಗಳವಾಡಿ ಹೋಗುವುದು. ಇವರು ಅಂಟಿನ ಕೈಯಲ್ಲೇ ಕೀಲಿಮಣೆ ಒತ್ತಿ ಕೆಲವು ಅಕ್ಷರ ಒತ್ತಿದ ಮೇಲೆ ಏಳುತ್ತಿರಲಿಲ್ಲ. ಒಮ್ಮೆ ಏನು ಒತ್ತಿದರೋ, ಪರದೆಯಲ್ಲಿದ್ದದ್ದೆಲ್ಲ ತಲೆಕೆಳಗಾಯಿತು. ರೀಸ್ಟಾರ್ಟ್ ಅವತ್ತು ಅಂಗಡಿಯಲ್ಲಿರಲಿಲ್ಲ. ಇವರು ಪರದೆಯನ್ನೇ ತಲೆಕೆಳಗು ಮಾಡಿ, ತಾವೇ ಮಾಡಿದ ಬೆನ್ನಿಗೆ ಹಗ್ಗದಲ್ಲಿ ಕಟ್ಟಿ ಕೆಲಸ ಮುಂದುವರಿಸಿದರು. ‘ನೋಡಿದ್ಯಾ, ಬೆಂಬಲ ಉಪಯೋಗಕ್ಕೆ ಬಂತು’ ಎಂದರು. ಅವನು ಬಂದು ಸರಿ ಮಾಡುವಾಗ ಪರದೆ ತಿರುಗಿಸುವುದನ್ನು ಮರೆತ. ಮತ್ತೆ ತಲೆಕೆಳಗಾಯಿತು.

ಅಣ್ಣ ಬಂದಾಗಲೆಲ್ಲ ನೆಲದ ಮೇಲೆ ಕುಳಿತು, ‘ಬಂತಾ ಭಾವ ನಿನ್ನ ಸಾಕ್ಷಿ?’ ಎನ್ನುತ್ತಿದ್ದ. ಇವರು ನಗುತ್ತಿದ್ದರು. ಆದರೆ ಅವನು ಎದ್ದು ಹೋದ ಮೇಲೆ ಮತ್ತೆ ಹೋಗಿ ಕಂಪ್ಯೂಟರಿನ ಮುಂದೆ ಕೂರುತ್ತಿದ್ದರು. ಅಪ್ಪ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಅಪ್ಪ ಸಾಯುವವರೆಗೂ ಇವರು ಮಾಡಿದ ಕುರ್ಚಿಯಲ್ಲಿ ತೂಗಿ ತೂಗಿ ಕುಳಿತರು. ಅದು ತಮಾಷೆಗೆ. ಇವರಿಗೆ ಮಾತ್ರ ಅದು ತಮಾಷೆಯಾಗಲಿಲ್ಲ.

ಇನ್ನು ಮೊದಲು ಹೇಳಿದ ಆ ಹಿಂದಿನ ದಿನ.

ಬೆಳಗ್ಗೆ ಸಂಕೋಚ ಮಾಡ್ಕೋಬೇಡ ಎಂದು ಹೇಳಿದ್ದು ಫಲಿಸಿತೋ ಏನೋ, ಪ್ಲೇಯರ್ ತೆರೆಯಿತು. ಚಿತ್ರ ಬರಲಿಲ್ಲ, ಪರದೆ ಕಪ್ಪು. ಆದರೆ ಸದ್ದು ಬಂತು. ಜನರ ಗದ್ದಲ, ತಟ್ಟೆಗಳ ಸದ್ದು, ಯಾರದೋ ಮಗುವಿನ ಅಳು. ಇವರು ಕೂಗಿದ ಕೂಗಿಗೆ ನನ್ನ ಕೈಯ ಪಾತ್ರೆ ಬಿತ್ತು. ಅಣ್ಣನಿಗೆ ಫೋನ್ ಮಾಡಿ ಕರೆಸಿದರು. ಅವನು ಬಂದು ನೆಲದ ಮೇಲೆ ಕುಳಿತ. ಮೂವರೂ ಕಪ್ಪು ಪರದೆ ನೋಡುತ್ತಾ ಕೇಳಿದೆವು. ಗದ್ದಲದ ನಡುವೆ ಯಾರೋ ‘ಹುಡುಗ ಎಲ್ಲಿ’ ಎಂದು ಕೂಗಿದರು, ಆದರೆ ಹುಡುಗ ಎಲ್ಲಿದ್ದ ಎಂದು ಸದ್ದಿಗೆ ಹೇಳಲು ಬರಲಿಲ್ಲ. ಚಟ್ ಎಂದು ಸದ್ದಾಯಿತು. ಅಪ್ಪ ‘ಎಲಾ ಇದರ’ ಎಂದರು. ಆಮೇಲೆ ಊರೆಲ್ಲ ನಕ್ಕಿತು.

‘ಕೇಳಿಸ್ತಲ್ಲ?’ ಎಂದ ಅಣ್ಣ. ‘ಚಟ್ ಅಂತು. ಇಷ್ಟು ದಿನ ಕಣ್ಣಾರೆ ಕಂಡಿದ್ದೆ, ಈಗ ಕಿವಿಯಾರೆ ಕೇಳ್ದೆ. ಇನ್ನೇನು ಬೇಕು ಭಾವ?’

ಇವರೇ ಕರೆಸಿದ ಸಾಕ್ಷಿ ಇವರ ಮೇಲೇ ತಿರುಗಿ ಬಿತ್ತು. ಇವರು ‘ನಾಳೆ ಚಿತ್ರ ಬರುತ್ತೆ. ಬಾ’ ಎಂದರು.

ಆಮೇಲೆ ಎಂದಿನ ದಿನವೇ. ಒಂದು ಕುರ್ಚಿಯ ಕೈಗಳಿಗೆ ಸ್ಯಾಂಡ್‌ಪೇಪರ್ ಉಜ್ಜಿದರು. ಉಪ್ಪು ಕಡಿಮೆ ಎಂದರು. ಕನ್ನಡಕ ಎಲ್ಲಿ ಎಂದು ಕನ್ನಡಕ ಹಾಕಿಕೊಂಡೇ ಕೇಳಿದರು. ನಾನು ಬಟ್ಟೆ ಮಡಚುತ್ತಾ, ‘ಬಿದ್ದೋರು ನಮ್ಮಪ್ಪ. ಅವರು ಅವತ್ತೇ ಎದ್ರು. ನೀವಿನ್ನೂ ಬಿದ್ದೇ ಇದ್ದೀರಲ್ಲ’ ಎಂದೆ. ಅದಕ್ಕೆ ಬಹಳ ನಕ್ಕರು. ಸಂಜೆ ಎಂದಿನಂತೆ ಕಂಪ್ಯೂಟರಿನ ಪ್ಲಗ್ ಕಿತ್ತರು. ಮರದ ಪುಡಿ ಇರುವ ಮನೆ, ಕಿಡಿ ಹಾರಿದರೆ ಕಷ್ಟ ಎಂದು ಇವರದು ಒಂದು ನಿಯಮ.

ಮಾರನೇ ದಿನ ಮಧ್ಯಾಹ್ನ ಮುಂದಿನ ಕೋಣೆಯಲ್ಲಿ, ಹಿಂದಿನ ದಿನ ಉಜ್ಜುತ್ತಿದ್ದ ಕುರ್ಚಿಯಲ್ಲೇ ಕುಳಿತವರು ಏಳಲಿಲ್ಲ. ಸ್ಯಾಂಡ್‌ಪೇಪರ್ ಕೈಯಲ್ಲೇ ಇತ್ತು. ಎದೆ ಎಂದರು ಡಾಕ್ಟರು. ಇವರು ಸಣ್ಣ ಆಳಲ್ಲ. ಪೂರ್ತಿ ಭಾರ ಒಂದು ಕಡೆಗೆ ವಾಲಿತ್ತು. ಕುರ್ಚಿ ಅಲ್ಲಾಡಿರಲಿಲ್ಲ.

ಅಣ್ಣ ಚಿತ್ರ ನೋಡಲು ಬಂದ. ಬಂದವನು ಇವರನ್ನು ಎತ್ತಲು ಕೈಕೊಟ್ಟ. ಎಲ್ಲ ಮುಗಿದ ಮೇಲೆ ಆ ಕುರ್ಚಿಯನ್ನು ಮೂಲೆಗೆ ಒಯ್ದು, ಅಲ್ಲಾಡಿಸಿ ನೋಡದೆ ಅದರಲ್ಲಿ ಕುಳಿತ.

ಇವರು ಕಂಪ್ಯೂಟರಿಗೆ ಹಾಕಿಸಿದ್ದ ಇಂಟರ್‌ನೆಟ್ ನಾನು ತೆಗೆಸಿದೆ. ನನಗೇಕೆ? ಕಂಪ್ಯೂಟರಿನ ಮೇಲೆ ಒಂದು ಹಳೇ ಚಾದರ ಹಾಕಿದೆ. ಪ್ಲಗ್ ಇವರು ಕಿತ್ತಿಟ್ಟ ಹಾಗೇ ಇತ್ತು. ತಿಂಗಳುಗಳು ಹೋದವು.

ಒಂದು ದಿನ ಕೋಣೆ ಗುಡಿಸುವಾಗ ಇದನ್ನು ಕೊಟ್ಟುಬಿಡೋಣ ಎನ್ನಿಸಿತು. ಕೆಟ್ಟಿದೆಯೋ ಸರಿಯಿದೆಯೋ ನೋಡಲು ಪ್ಲಗ್ ಹಾಕಿದೆ. ಕಪ್ಪು ಪರದೆ ಬಂತು, ಅದರ ಮೇಲೆ ಬಿಳಿ ಇಂಗ್ಲಿಷ್ ಅಕ್ಷರ, ಅಲ್ಲೇ ನಿಂತಿತು. ರೀಸ್ಟಾರ್ಟನಿಗೆ ಫೋನ್ ಮಾಡಿದೆ. ‘ರೀಸ್ಟಾರ್ಟ್ ಮಾಡಿ ಅಕ್ಕ’ ಎಂದ. ಮಾಡಿದೆ. ಅದೇ ಅಕ್ಷರ. ಮೇಲಿನ ಸಾಲಿನಲ್ಲಿ ಎಫ್ ಒಂದು ಎಂಬ ಗುಂಡಿ ಇದೆ, ಒತ್ತಿ ಎಂದ. ಒತ್ತಿದೆ. ಮುಂದೆ ಹೋಯಿತು.

ಪರದೆಯ ಮೂಲೆಯಲ್ಲಿ ಒಂದು ಸಣ್ಣ ಕುರ್ಚಿಯ ಚಿತ್ರ ಕಂಡಿತು. ಪ್ಲೇಯರಿಗೆ ಇವರು ಹಾಕಿಟ್ಟ ಗುರುತು ಅದು. ಅದರ ಮೇಲೆ ಒತ್ತಿದೆ. ಯಾಕೆ ಒತ್ತಿದೆ ಎಂದರೆ ಗೊತ್ತಿಲ್ಲ. ಸದ್ದಾದರೂ ಕೇಳೋಣ ಎಂದಿರಬೇಕು.

ಚಿತ್ರ ಬಂತು.

ಎಲ್ಲರೂ ಇದ್ದರು. ನಾನು ಕಡ್ಡಿಯ ಹಾಗಿದ್ದೆ. ಅಪ್ಪ ಕುರ್ಚಿಯಲ್ಲಿ ಮೀಸೆ ತಿರುವುತ್ತಿದ್ದರು. ಕುರ್ಚಿಯ ಬೆನ್ನಿನ ಮೇಲೆ, ಅಪ್ಪನ ಹೆಗಲ ಹತ್ತಿರ, ಒಂದು ಕೈ ಇತ್ತು. ಮೈ ಅಪ್ಪನ ಹಿಂದೆ ಮರೆಯಾಗಿತ್ತು, ಕೈ ಮಾತ್ರ ಕಾಣುತ್ತಿತ್ತು. ತೋರುಬೆರಳಿಗೆ ತುದಿ ಇರಲಿಲ್ಲ. ಯಾರೋ ಹುಡುಗ ಎಲ್ಲಿ ಎಂದು ಕೂಗಿದರು. ಕೈ ಹೋಗಲಿಲ್ಲ. ಮತ್ತೆ ಕೂಗಿದರು. ಆಗ ಕೈ ಹೋಯಿತು. ಇವರು ನನ್ನ ಪಕ್ಕಕ್ಕೆ ಬಂದು ನಿಂತರು. ಕುರ್ಚಿಯ ಕೈಬಿಟ್ಟವರು ನನ್ನ ಕೈ ಹಿಡಿದರು. ಹಿಡಿದುಕೊಂಡೇ ಹಿಂದೆ ತಿರುಗಿ ನೋಡುತ್ತಿದ್ದರು. ಅಪ್ಪ ಮೇಲಕ್ಕೆ ಕಾಲು ಮಾಡಿ ಹೋದರು.

ನಾನು ನಕ್ಕೆ. ಬಹಳ ದಿನದ ಮೇಲೆ. ಆಮೇಲೆ ನಗು ನಿಲ್ಲಿಸಲು ಆಗಲಿಲ್ಲ, ಅದು ಬೇರೆ ಏನೋ ಆಯಿತು. ಚಾದರದಲ್ಲಿ ಮುಖ ಒರೆಸಿಕೊಂಡು ಅಣ್ಣನನ್ನು ಕರೆದೆ.

ಅಣ್ಣ ಬಂದು ಇವರ ಕುರ್ಚಿಯಲ್ಲಿ ಕುಳಿತು ನೋಡಿದ. ಕೈ ನೋಡಿದ. ಬೆರಳು ನೋಡಿದ. ನಾನು ಮತ್ತೊಮ್ಮೆ ಹಾಕಿದೆ. ಆಗ ನನಗೆ ಇನ್ನೊಂದು ಕಂಡಿತು. ಚಿತ್ರದ ಅಂಚಿನಲ್ಲಿ, ಎಲ್ಲರಿಗೂ ಬೆನ್ನು ಮಾಡಿ, ಗೋಡೆಯ ಕನ್ನಡಿಯ ಮುಂದೆ ಒಬ್ಬ ತಲೆ ಬಾಚಿಕೊಳ್ಳುತ್ತಿದ್ದ. ಅಪ್ಪ ಬೀಳುವವರೆಗೂ ಬಾಚುತ್ತಿದ್ದ. ಬಿದ್ದ ಮೇಲೂ ಎರಡು ಸಲ ಬಾಚಿ ಆಮೇಲೆ ತಿರುಗಿದ.

‘ಅಣ್ಣ, ಇದು ನೀನು’ ಎಂದೆ.

ಅವನು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ.

‘ನಾನು ಕನ್ನಡೀಲಿ ನೋಡಿದ್ದು’ ಎಂದ.

ರೀಸ್ಟಾರ್ಟ್ ಬಂದು ನೋಡಿ ಹಣೆ ಚಚ್ಚಿಕೊಂಡ. ಆ ಪ್ಲೇಯರಿಗೆ ವಿಡಿಯೋದವನು ವಾಯಿದೆ ಇಟ್ಟಿದ್ದನಂತೆ. ವಾಯಿದೆ ಮುಗಿದ ಮೇಲೆ ಸದ್ದು ಕೊಡುತ್ತದೆ, ಚಿತ್ರ ಕೊಡುವುದಿಲ್ಲ. ಈಗ ಕಂಪ್ಯೂಟರಿನೊಳಗೆ ಗಡಿಯಾರ ನಡೆಸುವ ಸಣ್ಣ ಸೆಲ್ ಸತ್ತಿದೆ, ತಾರೀಖು ತಿಳಿದುಕೊಳ್ಳಲು ನೆಟ್ಟೂ ಇಲ್ಲ. ಪ್ಲಗ್ ಕಿತ್ತು ಹಾಕಿದರೆ ಅದು ತಾನು ಹುಟ್ಟಿದ ವರ್ಷದಲ್ಲೇ ಇದ್ದೇನೆ ಅಂದುಕೊಳ್ಳುತ್ತದೆ. ಆ ವರ್ಷ ವಾಯಿದೆ ಇನ್ನೂ ಮುಗಿದಿರಲಿಲ್ಲ.

‘ಎಲ್ಲಿದ್ದೀಯ ಅನ್ನೋದಕ್ಕೆ ಸುಳ್ಳು ಹೇಳಿದ್ವಿ ಅಕ್ಕ. ಯಾವ ವರ್ಷ ಅನ್ನೋದಕ್ಕೂ ಹೇಳ್ಬೇಕಿತ್ತು. ಹೊಳೀಲಿಲ್ಲ ನಂಗೆ’ ಎಂದ. ಆ ಬಿಳಿ ಅಕ್ಷರ ಏನು ಹೇಳುತ್ತದೆ ಎಂದು ಕೇಳಿದೆ. ತಾರೀಖು ತಪ್ಪಿದೆ, ಸರಿ ಮಾಡ್ತೀರಾ ಎಂದು ಕೇಳುತ್ತದಂತೆ. ಎಫ್ ಒಂದು ಒತ್ತಿದರೆ ಹೋಗಲಿ ಬಿಡು ಎಂದು ಅರ್ಥವಂತೆ.

‘ಹೊಸ ಸೆಲ್ ಹಾಕ್ಲಾ? ಸಣ್ಣ ಕೆಲಸ.’

‘ಹಾಕಿದ್ರೆ?’

‘ಟೈಮ್ ಸರಿಹೋಗುತ್ತೆ. ಚಿತ್ರ ಹೋಗುತ್ತೆ.’

‘ಬೇಡ’ ಎಂದೆ.

ಅಣ್ಣ ಈಗ ದಿನಾ ಬೆಳಗ್ಗೆ ಬರುತ್ತಾನೆ. ಆ ಕನ್ನಡಿಯಲ್ಲಿ ಕುರ್ಚಿ ಕಾಣುತ್ತದೋ ಇಲ್ಲವೋ ನೋಡಬೇಕಂತೆ. ಕಾಣುತ್ತದೆ ಎಂದು ಅವನು, ಕಾಣುವುದು ನಿನ್ನ ಕ್ರಾಪು ಎಂದು ನಾನು. ನೆಲದ ಮೇಲೆ ಕೂರುವುದನ್ನು ಬಿಟ್ಟಿದ್ದಾನೆ. ಅಪ್ಪ ಬೀಳುವುದು ಬಂದಾಗ ನಗುತ್ತಾನೆ. ಅದಕ್ಕೆ ಸ್ವಲ್ಪ ಮೊದಲು, ಆ ಕೈ ಕಾಣುವಾಗ, ಇಬ್ಬರೂ ಮಾತಾಡುವುದಿಲ್ಲ.

ಸಂಜೆ ಪ್ಲಗ್ ಕೀಳುವ ನಿಯಮ ನಾನು ಬಿಟ್ಟಿಲ್ಲ. ಬೆಳಗ್ಗೆ ಎದ್ದು ಮುಂದಿನ ಕೋಣೆ ಗುಡಿಸುತ್ತೇನೆ. ಈಗ ಮರದ ಪುಡಿ ಇಲ್ಲ, ಆದರೂ ಗುಡಿಸುತ್ತೇನೆ. ಪರದೆಯ ಹಿಂದಿನ ಮರದ ಬೆನ್ನನ್ನು ಬಟ್ಟೆಯಲ್ಲಿ ಒರೆಸುತ್ತೇನೆ. ಪಾಲಿಶ್ ಇನ್ನೂ ಚೆನ್ನಾಗಿದೆ. ಪ್ಲಗ್ ಹಾಕುತ್ತೇನೆ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಬರುತ್ತದೆ. ತಾರೀಖು ತಪ್ಪಿದೆ ಎನ್ನುತ್ತದೆ. ಹೋಗಲಿ ಬಿಡು ಎಂದು ಒತ್ತುತ್ತೇನೆ.